ಹೊಳೆಯಾಚೆಯ ಡಾಕ್ಟರ್ ಓದು: ರಾಯಚೂರು ಸೀಮೆಯ ಚರಿತ್ರೆ

ರಾಯಚೂರು ಸೀಮೆಯವರಿಗೆ ಡಾಕ್ಟರ್ ಓದು ಬಹುಕಾಲ ಕೃಷ್ಣೆಯ ಆಚೆ ದಡದ ಮಾತಾಗಿತ್ತು. ದೇವಸುಗೂರು, ದೇವದುರ್ಗ, ಮಾನ್ವಿ 1948ರವರೆಗೆ ನಿಜಾಮರ ಸಂಸ್ಥಾನದಲ್ಲಿದ್ದವು. ಸಂಸ್ಥಾನದ ವೈದ್ಯಕೀಯ ಶಾಲೆ 1846ರಲ್ಲಿ ಆರಂಭವಾದದ್ದು ಹೈದರಾಬಾದಿನಲ್ಲಿ. ಮೊದಮೊದಲು ಅಲ್ಲಿ ಪಾಠ ನಡೆಯುತ್ತಿದ್ದದ್ದು ಉರ್ದುವಿನಲ್ಲಿ, ಪಾಸಾದವರಿಗೆ ಸಿಗುತ್ತಿದ್ದ ಪದವಿ ಹಕೀಮ. ಕನ್ನಡ ಮನೆಮಾತಿನವರು ಹೊಳೆಯ ಜೊತೆಗೆ ಭಾಷೆಯನ್ನೂ ದಾಟಬೇಕಿತ್ತು.

ಆ ಶಾಲೆಯ ಕೀರ್ತಿ ಕಡಲಾಚೆಗೂ ಹಬ್ಬಿತ್ತು. ಅದರ ಮುಖ್ಯಸ್ಥರಾಗಿದ್ದ ಎಡ್ವರ್ಡ್ ಲಾರಿ ಅವರ ಮುಂದಾಳುತನದಲ್ಲಿ, ಅರಿವಳಿಕೆಯಾಗಿ ಕ್ಲೋರೋಫಾರ್ಮ್ ಎಷ್ಟು ಸುರಕ್ಷಿತ ಎಂದು ಪರೀಕ್ಷಿಸಲು 1888 ಮತ್ತು 1889ರಲ್ಲಿ ನಡೆದ ಕ್ಲೋರೋಫಾರ್ಮ್ ಆಯೋಗಗಳು ವೈದ್ಯಲೋಕದ ಗಮನ ಸೆಳೆದವು. ಅಲ್ಲಿ ಓದಿ ಅರಿವಳಿಕೆ ಕೊಡುವುದರಲ್ಲಿ ಪಳಗಿದ ರೂಪಾಬಾಯಿ ಫರ್ದೂನ್‌ಜಿ ಮುಂದೆ ಎಡಿನ್‌ಬರೊದಲ್ಲಿ ಓದು ಮುಂದುವರಿಸಿದರು. ವಿಲಾಯತಿಯ ದಾರಿ ಮುಂಬಯಿ ಬಂದರಿನದು. ದೇವಸುಗೂರಿನ ಬಳಿ ಕೃಷ್ಣೆಯನ್ನು ದಾಟಿ ಬಂದ ಮುಂಬಯಿ ಕಡೆಯ ರೈಲು ಹಳಿ, ಮದ್ರಾಸಿನ ಹಳಿಯನ್ನು ರಾಯಚೂರಿನಲ್ಲಿ ಕೂಡಿಕೊಂಡದ್ದು 1871ರಲ್ಲಿ. ಹಳಿ ಊರಿನ ಮಗ್ಗುಲಲ್ಲೇ ಇದ್ದರೂ ಆ ಪ್ರಯಾಣದ ಖರ್ಚು ಉಳ್ಳವರಿಗೆ, ಇಲ್ಲವೇ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕವರಿಗೆ ಮಾತ್ರ ನಿಲುಕುತ್ತಿತ್ತು.

1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಬಳ್ಳಾರಿಯಲ್ಲಿ 1961ರಲ್ಲಿ, ಕಲಬುರಗಿಯಲ್ಲಿ 1963ರಲ್ಲಿ ವೈದ್ಯಕೀಯ ಕಾಲೇಜುಗಳು ತೆರೆದವು. ಆದರೂ ಸೀಟು ಕೆಲವು, ಆಸೆ ಹೊತ್ತವರು ಹಲವರು. ಹೊರದೇಶದ ದಾರಿಯೂ ದಿಕ್ಕು ಬದಲಿಸಿತು. ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ 1975ರಲ್ಲಿ ಭಾರತದ ಪದವಿಗಳ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ಇತ್ತ ಮಾಸ್ಕೋದಲ್ಲಿ 1960ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ ಏಷ್ಯಾ, ಆಫ್ರಿಕಾಗಳ ವಿದ್ಯಾರ್ಥಿಗಳನ್ನು ಕರೆದುಕೊಳ್ಳುತ್ತಿತ್ತು. ಸೋವಿಯತ್ ಒಕ್ಕೂಟ ಒಡೆದ ಮೇಲೆ ರಷ್ಯಾ, ಉಕ್ರೇನ್, ಕಿರ್ಗಿಸ್ತಾನಗಳ ಕಾಲೇಜುಗಳು ಶುಲ್ಕ ಪಡೆದು ಹೊರಗಿನವರನ್ನು ಸೇರಿಸಿಕೊಳ್ಳತೊಡಗಿದವು. ಇಲ್ಲಿನ ಖಾಸಗಿ ಸೀಟಿನ ಹಣ ಹೊಂದಿಸಲಾರದ ಮಧ್ಯಮ ವರ್ಗದ ಮನೆಗಳಿಗೆ ಅದೇ ದಾರಿಯಾಯಿತು.

ಹೋಗುವುದು ಸುಲಭವಾದಂತೆ ಮರಳುವುದು ಬಿಗಿಯಾಯಿತು. 2002ರಿಂದ ಹೊರದೇಶದಲ್ಲಿ ಓದಿ ಬಂದವರಿಗೆ ಸ್ಕ್ರೀನಿಂಗ್ ಪರೀಕ್ಷೆ ಕಡ್ಡಾಯವಾಯಿತು. 300 ಪ್ರಶ್ನೆಗಳಲ್ಲಿ 150 ಸರಿಯಾದರೆ ಪಾಸು. 2018ರಲ್ಲಿ ಹೊರಡುವವರಿಗೂ ನೀಟ್ ಪ್ರವೇಶ ಪರೀಕ್ಷೆಯ ಅರ್ಹತೆ ಬೇಕೆಂದಾಯಿತು. 2021ರ ನಿಯಮಗಳು ಕನಿಷ್ಠ 54 ತಿಂಗಳ ಓದು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಇಂಗ್ಲಿಷ್ ಮಾಧ್ಯಮ ಮತ್ತು ಆ ದೇಶದಲ್ಲೇ ವೈದ್ಯರಾಗಿ ನೋಂದಾಯಿಸಿಕೊಳ್ಳುವ ಅರ್ಹತೆಯನ್ನು ಕೇಳಿದವು.

ಹೊರದೇಶಕ್ಕೆ ಅರ್ಜಿ ಹಾಕುವ ಕೆಲಸ ಆರಂಭವಾಗುವುದು ಮಾರ್ಕ್ಸ್ ಕಾರ್ಡಿನಿಂದ. ಕೆಲವರ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಅವರ ಹೆಸರಿನ ಜೊತೆ ತಂದೆಯ ಹೆಸರು ಒಂದು ಇನಿಷಿಯಲ್ ಆಗಿರುತ್ತದೆ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದಿರುತ್ತದೆ. ಎರಡೂ ಹೆಸರು ಒಬ್ಬರದೇ ಎಂದು ತೋರಿಸಲು ಅಫಿಡವಿಟ್ ಬೇಕಾಗುತ್ತದೆ. ಹಲವು ದೇಶಗಳು ಪ್ರಮಾಣಪತ್ರಗಳ ಮೇಲೆ ಅವು ಅಸಲಿ ಎಂದು ದೃಢೀಕರಿಸುವ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಕೇಳುತ್ತವೆ. ಕಾಲೇಜಿನ ಪ್ರವೇಶಪತ್ರ ಬಂದ ಮೇಲೆ ವೀಸಾ; ದೀರ್ಘಕಾಲದ ರಷ್ಯಾ ವೀಸಾಕ್ಕೆ ಎಚ್‌ಐವಿ ತಪಾಸಣೆಯ ವರದಿಯನ್ನೂ ಕೊಡಬೇಕು.

ಕಾಗದವೆಲ್ಲ ಸರಿಯಿದ್ದರೂ ಜೀವಕ್ಕೆ ಭರವಸೆಯಿಲ್ಲ ಎಂಬುದನ್ನು 2022 ತೋರಿಸಿತು. ಆ ವರ್ಷದ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್ ನಗರದ ಮೇಲೆ ರಷ್ಯಾ ನಡೆಸಿದ ದಾಳಿಯಲ್ಲಿ ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿಯೊಬ್ಬರು ತೀರಿಕೊಂಡರು. ಕೇಂದ್ರ ಸರ್ಕಾರ ಆಪರೇಷನ್ ಗಂಗಾ ಹೆಸರಿನಲ್ಲಿ ಸಾವಿರಾರು ವಿದ್ಯಾರ್ಥಿಗಳನ್ನು ವಾಪಸು ಕರೆತಂದಿತು. ಜೀವ ಉಳಿಸಿಕೊಂಡು ಬಂದವರ ಅರ್ಧಕ್ಕೆ ನಿಂತ ಓದು ಮನೆಮನೆಯ ಸಂಕಟವಾಯಿತು.

ಇಷ್ಟರಲ್ಲಿ ಈ ದಡದಲ್ಲೂ ಬಾಗಿಲು ತೆರೆದಿತ್ತು. 2007ರಲ್ಲಿ ರಾಯಚೂರಿನಲ್ಲೇ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾಯಿತು. ಸಂವಿಧಾನದ 371-ಜೆ ವಿಧಿಯಡಿ 2013ರಲ್ಲಿ ಬಂದ ಆದೇಶದಿಂದ ಈ ಭಾಗದ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟು ಈ ಭಾಗದವರಿಗೆ ಮೀಸಲಾದವು. ಸೀಟು ಸಿಗದವರು ಇಂದಿಗೂ ಹೊರದೇಶಕ್ಕೆ ಅರ್ಜಿ ಹಾಕುತ್ತಾರೆ. ಪದವಿ ಪಡೆದು ಮರಳಿದವರು ಸ್ಕ್ರೀನಿಂಗ್ ಪರೀಕ್ಷೆ ಪಾಸಾಗಿ, ಇಲ್ಲಿಯೂ ಇಂಟರ್ನ್‌ಶಿಪ್ ಮುಗಿಸಿ, ರಾಜ್ಯ ಕೌನ್ಸಿಲಿನಲ್ಲಿ ನೋಂದಣಿ ಮಾಡಿಸಿಕೊಂಡ ಮೇಲಷ್ಟೇ ತಮ್ಮೂರಿನ ರೋಗಿಯ ನಾಡಿ ಹಿಡಿಯಬಹುದು.