ಭೂಗೋಳದ ಪ್ರಮಾಣವೂ ಯೋಜನದ ತೊಡಕೂ

ಭೂಮಿಯು ಗೋಲಾಕಾರವೆಂಬ ವಿಷಯದಲ್ಲಿ ಜ್ಯೋತಿಷ ಸಿದ್ಧಾಂತಕಾರರಿಗೆ ಸಂದೇಹವಿರಲಿಲ್ಲ. ನೆಲವು ಸಮವಾಗಿದ್ದರೆ ತಾಳೆಯಂತಹ ಎತ್ತರವಾದ ಮರಗಳು ಬಹುದೂರದವರಿಗೆ ಏಕೆ ಕಾಣಿಸವು ಎಂದು ಲಲ್ಲಾಚಾರ್ಯನು ಕೇಳಿದನು. ಹಾಗಾದರೆ ಕಣ್ಣಿಗೆ ಸಮವಾಗಿ ತೋರುವುದೇಕೆ? ಇದಕ್ಕೆ ಉತ್ತರವು ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ಸಿದ್ಧಾಂತಶಿರೋಮಣಿಯಲ್ಲಿದೆ. ಪರಿಧಿಯ ನೂರರಲ್ಲೊಂದು ಭಾಗವು ನೇರವಾಗಿಯೇ ತೋರುವುದು, ಮನುಷ್ಯನಾದರೋ ಅತ್ಯಲ್ಪನು.

ಆಕಾರದಲ್ಲಿಲ್ಲದ ತೊಡಕು ಅಳತೆಯಲ್ಲಿದೆ. 499ರಲ್ಲಿ 23 ವರ್ಷದ ತರುಣನಾಗಿದ್ದ ಆರ್ಯಭಟನು ಭೂವ್ಯಾಸವನ್ನು 1,050 ಯೋಜನವೆಂದನು. ಪರಿಧಿಯು ಸುಮಾರು 3,299 ಯೋಜನವಾಗುವುದು. ಭಾಸ್ಕರನ ಪರಿಧಿ 4,967 ಯೋಜನ. ಇವುಗಳಲ್ಲೊಂದನ್ನು ಹಿಡಿದು, ಈಗಿನ 40,000 ಕಿಲೋಮೀಟರಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲವೆಂದು ಹೆಮ್ಮೆಪಡುವವರುಂಟು. ಅದಕ್ಕೆ ಆರ್ಯಭಟನ ಯೋಜನವು 12 ಕಿಲೋಮೀಟರೂ ಭಾಸ್ಕರನದು 8 ಕಿಲೋಮೀಟರೂ ಆಗಬೇಕು. ಆದರೆ ಇಬ್ಬರ ಮಾತಿನಲ್ಲಿಯೂ ಯೋಜನವೆಂದರೆ 32,000 ಮೊಳವೇ! ಮೊಳಕ್ಕೆ ಒಂದೂವರೆ ಅಡಿಯೆಂದಿಟ್ಟರೆ ಒಬ್ಬನ ಭೂಪರಿಧಿ 48,000 ಕಿಲೋಮೀಟರನ್ನೂ ಇನ್ನೊಬ್ಬನದು 72,000ವನ್ನೂ ಮೀರುವುದು. ಬೇಕಾದ ಫಲಕ್ಕೆ ತಕ್ಕಂತೆ ಮೊಳವನ್ನು ಕುಗ್ಗಿಸುವುದು ಗಣಿತವಲ್ಲ. ಆಚಾರ್ಯರಿಗೆ ಅದರಿಂದ ಗೌರವವೂ ಇಲ್ಲ.

ಗೌರವವು ಸಲ್ಲಬೇಕಾದುದು ಕ್ರಮಕ್ಕೆ. ಒಂದೇ ದಕ್ಷಿಣೋತ್ತರ ರೇಖೆಯಲ್ಲಿರುವ ಎರಡು ಊರುಗಳ ಅಕ್ಷಾಂಶಗಳ ಅಂತರಕ್ಕೆ ಇಷ್ಟು ಯೋಜನವಾದರೆ 360 ಅಂಶಗಳಿಗೆ ಎಷ್ಟು? ಭಾಸ್ಕರನು ಹೇಳಿದ ಈ ತ್ರೈರಾಶಿಕದಲ್ಲಿ ದೋಷವಿಲ್ಲ. ಭೂಮಧ್ಯರೇಖೆಯಿಂದ ಉಜ್ಜಯಿನಿಯು ಪರಿಧಿಯ ಹದಿನಾರರಲ್ಲೊಂದು ಭಾಗದಷ್ಟು ದೂರವೆಂದು ಅವನು ತಿಳಿಸಿದುದೂ ಸತ್ಯಕ್ಕೆ ಬಹಳ ಸಮೀಪವಾದುದು.

ಆದರೆ ಒಂದೊಂದು ಅಂಶದ ನೀಳವೂ ಎಲ್ಲೆಡೆಯಲ್ಲಿ ಸಮವಲ್ಲವೆಂಬುದು ಪ್ರತ್ಯಕ್ಷವಾದುದು ಬಹುಕಾಲದ ಮೇಲೆ. 1735ರಲ್ಲಿ ಪೆರು ಪ್ರಾಂತಕ್ಕೂ 1736ರಲ್ಲಿ ಉತ್ತರದ ಲ್ಯಾಪ್‌ಲ್ಯಾಂಡಿಗೂ ಹೋದ ಫ್ರೆಂಚ್ ಪಂಡಿತರು ಅಳೆದು ನೋಡಲು, ಉತ್ತರದ ಅಂಶವೇ ಹೆಚ್ಚು ನೀಳವಾಗಿದ್ದಿತು. ಭೂಮಿಯು ಧ್ರುವಗಳಲ್ಲಿ ಚಪ್ಪಟೆಯೆಂದು ನ್ಯೂಟನ್ನನು ತರ್ಕಿಸಿದ್ದುದು ಸ್ಥಿರಪಟ್ಟಿತು. ಭೂಮಿಯ ಎರಡು ವ್ಯಾಸಗಳಿಗೆ ಅಂತರವು 43 ಕಿಲೋಮೀಟರು ಮಾತ್ರ. ಹತ್ತು ಗಂಟೆಗೂ ಮೊದಲೇ ಒಂದು ಸುತ್ತು ತಿರುಗುವ ಗುರುಗ್ರಹದಲ್ಲಾದರೆ ಈ ಚಪ್ಪಟೆಯು ದೂರದರ್ಶಕದಲ್ಲಿಯೇ ಕಾಣುವುದು.

1804ರಲ್ಲಿ ಲ್ಯಾಂಬ್ಟನ್ನನ ತಂಡದವರು ಬೆಂಗಳೂರಿನ ಸಮೀಪದಲ್ಲಿ ಏಳು ಮೈಲಿಗಳಷ್ಟು ನೆಲವನ್ನು ಉಕ್ಕಿನ ಸರಪಳಿಯಿಂದ ಅಳೆದರು. ಬಿಸಿಲಿಗೆ ಸರಪಳಿಯು ಎಷ್ಟು ಹಿಗ್ಗಿತೆಂಬುದನ್ನೂ ಉಷ್ಣಮಾಪಕದಿಂದ ಕಂಡು ಲೆಕ್ಕದಲ್ಲಿ ಕಳೆದುಕೊಂಡರು.