ಪಂಕ್ತಿಭೇದ ಮತ್ತು ಏಳು ಮಂದಿ

ಹೋದ ವರ್ಷ ದೊಡ್ಡಬಳ್ಳಾಪುರದ ಕಡೆಯ ಒಂದು ಸಣ್ಣ ಪ್ರೊಟೆಸ್ಟೆಂಟ್ ಸಭೆಗೆ ಹೋಗಿದ್ದೆ. ಹಳೆ ಮೈಸೂರು ಸೀಮೆಯ ಕ್ರೈಸ್ತ ಸಭೆಗಳ ಆಡಳಿತ ನನ್ನ ಸಂಶೋಧನೆಯ ವಿಷಯ. ಆರಾಧನೆ ಮುಗಿದಿತ್ತು. ಸಮಿತಿ ಚುನಾವಣೆಯ ಮತದಾರರ ಪಟ್ಟಿಯನ್ನು ಬಾಗಿಲಿನ ಪಕ್ಕ ಅಂಟಿಸಿದ್ದರು. ಅದರ ಮುಂದೆ ನಿಂತಿದ್ದ ಅಜ್ಜಿಯೊಬ್ಬರು, "ನನ್ ಹೆಸ್ರು ಐತಾ ನೋಡವ್ವ" ಎಂದರು. ಇರಲಿಲ್ಲ. "ಯಜಮಾನ್ರು ಹೋದ್ಮೇಲೆ ಚಂದಾ ಕಟ್ಟಕ್ಕಾಗ್ಲಿಲ್ಲ, ಅದ್ಕೆ ಹೊಡ್ದಾಕವ್ರೆ" ಎಂದು ತಮಗೆ ತಾವೇ ಹೇಳಿಕೊಂಡರು.

ಸಮಿತಿಯ ಹಿರಿಯರೊಬ್ಬರನ್ನು ವಿಚಾರಿಸಿದೆ. "ನಿಯಮ ಎಲ್ಲರಿಗೂ ಒಂದೇ ಅಮ್ಮ. ಎಲ್ಲವೂ ಕ್ರಮವಾಗಿ ನಡೀಬೇಕು ಅಂತ ಬೈಬಲ್ಲೇ ಹೇಳುತ್ತಲ್ಲ" ಎಂದರು. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿ ಆ ಅರ್ಥದ ಮಾತು ನಿಜವಾಗಿಯೂ ಇದೆ. ಆದರೆ ಸಭೆ ನಡೆಸುವುದರ ಬಗ್ಗೆ ಬೈಬಲು ಹೇಳುವುದು ಅಷ್ಟೇ ಏನು?

ಕನ್ನಡ ನಾಡಿಗೆ ಬಂದ ಮಿಷನ್‌ಗಳು ಈ ಪ್ರಶ್ನೆಗೆ ಒಂದೇ ಉತ್ತರ ಕೊಡಲಿಲ್ಲ. ಬೆಂಗಳೂರಿನಲ್ಲಿ ಬೆಂಜಮಿನ್ ರೈಸ್ 1837ರಿಂದ ಐವತ್ತು ವರ್ಷ ದುಡಿದ ಲಂಡನ್ ಮಿಷನ್ನಿನದು ಕಾಂಗ್ರಿಗೇಷನಲ್ ಪರಂಪರೆ. ಆಯಾ ಊರಿನ ಸಭೆಯೇ ತನ್ನ ವಿಷಯ ತೀರ್ಮಾನಿಸಬೇಕು ಎಂಬುದು ಅದರ ನಂಬಿಕೆ. ಅದೇ ಹೊತ್ತಿನಲ್ಲಿ ಗುಬ್ಬಿಯಲ್ಲಿ ನೆಲೆ ಕಂಡ ವೆಸ್ಲಿಯನ್ನರು ಹಲವು ಊರುಗಳನ್ನು ಒಂದೊಂದು ಸರ್ಕಿಟ್ಟಿಗೆ ಸೇರಿಸಿ, ಅದರ ಮೇಲೊಬ್ಬ ಮೇಲ್ವಿಚಾರಕನನ್ನು ಇಟ್ಟರು. ಆಂಗ್ಲಿಕನ್ನರಿಗೆ ಬಿಷಪ್ಪರಿಲ್ಲದ ಸಭೆ ಕಲ್ಪನೆಗೇ ಬಾರದು. ಮೂವರೂ ಆಧಾರವಾಗಿ ತೋರಿಸುತ್ತಿದ್ದದ್ದು ಒಂದೇ ಪುಸ್ತಕವನ್ನು.

1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾದ ಐಕ್ಯದ ಮಾತುಕತೆ ಮುಗಿಯಲು ಇಪ್ಪತ್ತೆಂಟು ವರ್ಷ ಬೇಕಾಯಿತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿತು. ಬಿಷಪ್, ಪ್ರೆಸ್ಬಿಟರ್, ಡೀಕನ್ ಎಂಬ ಮೂರು ಸ್ಥಾನಗಳು ಉಳಿದವು. ಅವುಗಳ ಜೊತೆಗೆ ಸಾಮಾನ್ಯ ಸದಸ್ಯರೂ ಕೂರುವ ಸಮಿತಿಗಳು, ಸಿನಾಡ್ ಬಂದವು. ಮೈಸೂರು ಡಯಾಸಿಸ್‌ಗೆ ಪಿ. ಗುರುಶಾಂತ ಮೊದಲ ಬಿಷಪ್ಪರಾದರು. 1970ರಲ್ಲಿ ಆ ಡಯಾಸಿಸ್ ಮೂರು ಭಾಗವಾದಾಗ ಬೆಂಗಳೂರು ಸೀಮೆ ಕರ್ನಾಟಕ ಮಧ್ಯ ಡಯಾಸಿಸ್‌ಗೆ ಸೇರಿತು.

ವ್ಯವಸ್ಥೆ ಹೀಗೆ ಹೊರಗಿನಿಂದ ಬಂದರೂ ಅದಕ್ಕೆ ಹೆಸರು ಕೊಟ್ಟದ್ದು ಕನ್ನಡ. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಯಿತು. ಗ್ರೀಕಿನ 'ಪ್ರೆಸ್ಬಿಟೆರೊಸ್' ಕನ್ನಡದಲ್ಲಿ 'ಸಭೆಯ ಹಿರಿಯ'. ಒಳ್ಳೆಯ ಅನುವಾದವೇ. ಆದರೆ ನಮ್ಮ ಹಳ್ಳಿಗಳಲ್ಲಿ 'ಹಿರಿಯರು' ಎಂಬ ಮಾತು ಬರಿಗೈಯಲ್ಲಿ ಬರುವುದಿಲ್ಲ. ಅರಳೀಕಟ್ಟೆಯ ನ್ಯಾಯ, ದೊಡ್ಡ ಮನೆ, ಗಂಡಸರ ಮಾತು ಎಲ್ಲವೂ ಅದರ ಹಿಂದೆ ಬರುತ್ತವೆ. ಪೌಲನು ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆ ಸಭಾನಾಯಕನಲ್ಲಿ ನೋಡಲು ಹೇಳುವುದು ನಡತೆಯನ್ನು. ಜಗಳಗಂಟನಾಗಿರಬಾರದು, ಹಣದಾಸೆ ಇರಬಾರದು. ಮನೆತನದ ಮಾತೇ ಅಲ್ಲಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ. ಯೆರೂಸಲೇಮಿನ ಸಭೆಯಲ್ಲಿ ದಿನನಿತ್ಯದ ಊಟದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವವರ ವಿಧವೆಯರಿಗೆ ಪಾಲು ತಪ್ಪುತ್ತಿದೆ ಎಂದು ಗುಣುಗುಟ್ಟು ಏಳುತ್ತದೆ. ನಮ್ಮ ಮಾತಿನಲ್ಲಿ ಅದು ಪಂಕ್ತಿಭೇದ. ಹನ್ನೆರಡು ಮಂದಿ ಅಪೊಸ್ತಲರು ದೂರನ್ನು ಅದುಮಲಿಲ್ಲ. ಏಳು ಮಂದಿಯನ್ನು ನೀವೇ ಆರಿಸಿಕೊಳ್ಳಿ ಎಂದು ಸಭೆಗೇ ಬಿಟ್ಟರು. ಸ್ತೆಫನ, ಫಿಲಿಪ್ಪ, ತಿಮೋನ, ನಿಕೊಲಾಯ ಮುಂತಾಗಿ ಆಯ್ಕೆಯಾದ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಪಾಲು ತಪ್ಪಿದವರ ಕಡೆಯವರ ಕೈಗೇ ಸೌಟು ಕೊಟ್ಟ ಹಾಗಾಯಿತು.

ಅಲ್ಲಿ ಕ್ರಮ ಹುಟ್ಟಿದ್ದು ದೂರಿನಿಂದ. ನಿಯಮ ಮೊದಲಿದ್ದು ಅದಕ್ಕೆ ಜನ ಹೊಂದಿಕೊಂಡದ್ದಲ್ಲ, ಬಿಟ್ಟುಹೋದವರಿಗಾಗಿ ನಿಯಮ ಬಂತು. ದಕ್ಷಿಣ ಭಾರತ ಸಭೆಯಲ್ಲೂ ಇದಕ್ಕೆ ಉದಾಹರಣೆಯುಂಟು. ಗಂಡಸರಿಗೇ ಮೀಸಲಾಗಿದ್ದ ಪಾದ್ರಿ ದೀಕ್ಷೆ 1976ರಲ್ಲಿ ಹೆಣ್ಣುಮಕ್ಕಳಿಗೂ ದೊರೆಯಿತು. 2013ರಲ್ಲಿ ನಂದ್ಯಾಲ ಡಯಾಸಿಸ್‌ಗೆ ಪುಷ್ಪಲಲಿತಾ ಬಿಷಪ್ಪರಾದರು.

ಚಂದಾ ಬೇಡವೆಂದು ನಾನು ಹೇಳುತ್ತಿಲ್ಲ. ಸೂರಿಗೆ ಹೆಂಚು ಹೊದಿಸಲು, ಅಯ್ಯನವರ ಸಂಬಳಕ್ಕೆ ದುಡ್ಡು ಬೇಕು. ಆದರೆ ವಿಧವೆಯರ ಹಸಿವಿನಿಂದ ಶುರುವಾದ ಏರ್ಪಾಡೊಂದು ವಿಧವೆಯ ಹೆಸರನ್ನೇ ಹೊಡೆದುಹಾಕುವಾಗ ಯಾರಾದರೂ ಒಮ್ಮೆ ಆ ಅಧ್ಯಾಯವನ್ನು ಗಟ್ಟಿಯಾಗಿ ಓದಬೇಕಲ್ಲವೇ?

ನಾನು ಹೊರಡುವಾಗ ಅಜ್ಜಿ ಸಭೆಯೊಳಗೆ ಚಾಪೆ ಸುತ್ತಿಡುತ್ತಿದ್ದರು. ಪ್ರತಿ ಭಾನುವಾರ ಆ ಕೆಲಸ ಅವರದೇ ಎಂದು ಆಮೇಲೆ ತಿಳಿಯಿತು. ಅದಕ್ಕೆ ಯಾವ ಪಟ್ಟಿಯಲ್ಲೂ ಹೆಸರಿರಬೇಕಾಗಿರಲಿಲ್ಲ.