ಕುದುರೆ ನಡೆದ ದಾರಿ: ಮೈಸೂರಿನ ತುರಗಬಂಧ

ಚದುರಂಗದ ಕುದುರೆ ಪಟದ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ನಡೆಗೆ ತುರಗಬಂಧ ಎಂದು ಹೆಸರು. ಮನೆಗಳಲ್ಲಿ ಅಂಕಿಗಳನ್ನೋ ಅಕ್ಷರಗಳನ್ನೋ ತುಂಬಿಟ್ಟರೆ ಸಾಲು ಹಿಡಿದು ಓದುವವರಿಗೆ ಒಂದು ಕಾಣುತ್ತದೆ, ಕುದುರೆಯ ಹಿಂದೆ ಹೋಗುವವರಿಗೆ ಮತ್ತೊಂದು. ಪಟದಲ್ಲಿ ಏನಿದೆ ಎಂಬುದು ಬೇರೆ, ಅದನ್ನು ಯಾವ ಕ್ರಮದಲ್ಲಿ ಸುತ್ತಬೇಕು ಎಂಬುದು ಬೇರೆ. ಇಂದು ಪ್ರೋಗ್ರಾಂ ಬರೆಯುವವರು ಅರೇಯ, ಅಂದರೆ ಸಾಲಾಗಿ ಜೋಡಿಸಿಟ್ಟ ಮಾಹಿತಿಯ, ಮನೆಗಳನ್ನು ತಮಗೆ ಬೇಕಾದ ಕ್ರಮದಲ್ಲಿ ಸುತ್ತಲು ಸಣ್ಣ ಲೈಬ್ರರಿಗಳನ್ನು ಕಟ್ಟುವಾಗ ಹಿಡಿಯುವುದೂ ಇದೇ ಎಳೆಯನ್ನು. ಮೈಸೂರಿನಲ್ಲಿ ತುರಗಬಂಧ ಅರಮನೆಯ ವಿದ್ಯೆಯಾಗಿತ್ತು.

ವಿದ್ಯೆ ಹಳೆಯದು. 9ನೆಯ ಶತಮಾನದಲ್ಲಿ ಕಾಶ್ಮೀರದ ರುದ್ರಟ ತನ್ನ ‘ಕಾವ್ಯಾಲಂಕಾರ’ದಲ್ಲಿ ಅರ್ಧ ಪಟಕ್ಕೆ, ಅಂದರೆ 32 ಮನೆಗೆ, ಹೊಂದುವ ಶ್ಲೋಕ ಕೊಟ್ಟ. ಸಾಲಾಗಿ ಓದಿದರೂ ಕುದುರೆ ನಡೆಯಲ್ಲಿ ಓದಿದರೂ ಅದು ಒಂದೇ ಶ್ಲೋಕ. ಕನ್ನಡ ನಾಡಿನ ಮಟ್ಟಿಗೆ ದೊಡ್ಡ ದಾಖಲೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’. 1130ರ ಆಸುಪಾಸಿನ ಈ ಗ್ರಂಥದ ಚದುರಂಗ ಭಾಗದಲ್ಲಿ ಕುದುರೆಯ ಸುತ್ತು ಬರುತ್ತದೆ. ಶ್ರೀವೈಷ್ಣವ ಆಚಾರ್ಯ ವೇದಾಂತದೇಶಿಕರು ‘ಪಾದುಕಾ ಸಹಸ್ರ’ದಲ್ಲಿ ರುದ್ರಟನಿಗಿಂತ ಒಂದು ಹೆಜ್ಜೆ ಮುಂದೆ ಹೋದರು: ಒಂದು ಶ್ಲೋಕವನ್ನು ಮನೆಗಳಲ್ಲಿ ಬರೆದು ಕುದುರೆಯಂತೆ ನಡೆದರೆ ಅದರ ಮುಂದಿನ ಶ್ಲೋಕವೇ ಹೊರಡುತ್ತದೆ. ಅವರು ಕೊಳ್ಳೇಗಾಲದ ಬಳಿಯ ಸತ್ಯಾಗಾಲದಲ್ಲಿ ಕೆಲಕಾಲ ನೆಲೆಸಿದ್ದರೆಂದು ಶ್ರೀವೈಷ್ಣವ ಸಂಪ್ರದಾಯ ಹೇಳುತ್ತದೆ.

ಮೈಸೂರಿನ ಮಹಾರಾಜ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಕೈಯಲ್ಲಿ ಈ ವಿದ್ಯೆ ಹೊಸ ಎತ್ತರ ಕಂಡಿತು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಸಿದುಕೊಂಡ ಮೇಲೆ ಮಹಾರಾಜರ ಮನಸ್ಸು ಸಾಹಿತ್ಯ, ಚಿತ್ರಕಲೆ, ಆಟಗಳ ಕಡೆಗೆ ಇನ್ನಷ್ಟು ತಿರುಗಿತು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. ಅಧಿಕಾರ ಕಳೆದುಕೊಂಡ ದೊರೆಯ ಕಾಲಕ್ಷೇಪವೆಂದು ಇದನ್ನೆಲ್ಲ ತಳ್ಳಿಹಾಕುವುದು ಅನ್ಯಾಯ. ಇದರೊಳಗಿರುವುದು ಗಟ್ಟಿ ಗಣಿತ.

1ರಿಂದ 64ರವರೆಗಿನ ಸಂಖ್ಯೆಗಳ ಮೊತ್ತ 2080. ಎಂಟು ಸಾಲಿಗೆ ಸಮನಾಗಿ ಹಂಚಿದರೆ ಸಾಲಿಗೆ 260. ಮುಮ್ಮಡಿಯವರ ನಡೆಯಲ್ಲಿ ಕುದುರೆ ಕಾಲಿಟ್ಟ ಕ್ರಮದಲ್ಲೇ ಅಂಕಿ ಬರೆಯುತ್ತ ಹೋದರೆ ಯಾವ ಅಡ್ಡಸಾಲು, ಯಾವ ಕಂಬಸಾಲು ಕೂಡಿದರೂ 260 ಬರುತ್ತದೆ. ಬರಿಯ ಸುತ್ತು ಮುಗಿಸುವುದೇ ಕಷ್ಟ. ನಡುಮನೆಯಿಂದ ಕುದುರೆಗೆ ಎಂಟು ದಾರಿ, ಮೂಲೆಮನೆಯಿಂದ ಎರಡೇ. ಮೂಲೆಯನ್ನು ಆಮೇಲೆ ನೋಡಿಕೊಳ್ಳೋಣವೆಂದು ಬಿಟ್ಟವರು ಕೊನೆಗೆ ಸಿಕ್ಕಿಬೀಳುತ್ತಾರೆ. ಅದಕ್ಕೇ 1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫ್, ಮುಂದೆ ಅತಿ ಕಡಿಮೆ ದಾರಿ ಉಳಿದಿರುವ ಮನೆಗೇ ಮೊದಲು ಹೋಗಬೇಕೆಂಬ ಸೂತ್ರ ಕೊಟ್ಟ. ಸುತ್ತಿನ ಜೊತೆಗೆ ಮೊತ್ತವನ್ನೂ ಸರಿದೂಗಿಸುವುದು ಅದಕ್ಕಿಂತ ಬಹಳ ಬಿಗಿಯಾದ ಕೆಲಸ. ಎಚ್. ಜೆ. ಆರ್. ಮರ್ರೆ 1913ರ ತಮ್ಮ ಚದುರಂಗ ಚರಿತ್ರೆಯಲ್ಲಿ ಮೈಸೂರು ಮಹಾರಾಜರನ್ನು ನೆನೆದಿರುವುದು ಸಹಜವೇ.

ಹೊರಟ ಮನೆಯನ್ನು ಕುದುರೆ ಮತ್ತೆ ಒಂದೇ ನೆಗೆತದಲ್ಲಿ ಮುಟ್ಟುವಂತೆ ಮುಗಿಯುವ ಸುತ್ತುಗಳು ಈ ಪಟದಲ್ಲಿ 13 ಲಕ್ಷ ಕೋಟಿಗೂ ಹೆಚ್ಚಿವೆ. ಸಾಲು ಮತ್ತು ಕಂಬಗಳ ಜೊತೆಗೆ ಎರಡು ಕರ್ಣಗಳೂ 260 ಆಗುವ ನಡೆ ಮಾತ್ರ 8×8 ಪಟದಲ್ಲಿ ಒಂದೂ ಇಲ್ಲವೆಂದು 2003ರಲ್ಲಿ ಕಂಪ್ಯೂಟರ್ ಹುಡುಕಾಟ ತೀರ್ಮಾನಿಸಿತು. ಕಾಗದ, ಲೇಖನಿ ಹಿಡಿದು ಮೈಸೂರಿನಲ್ಲಿ ತಲುಪಿದ್ದ ಎಲ್ಲೆಯನ್ನು ಯಂತ್ರಕ್ಕೂ ದಾಟಲಾಗಲಿಲ್ಲ.

ಮುಮ್ಮಡಿಯವರ ಆಟಗಳ ಕುರಿತು ಆರ್. ವಸಂತಾ ಪುಸ್ತಕವನ್ನೇ ಬರೆದಿದ್ದಾರೆ. ಮೈಸೂರಿನಲ್ಲಿರುವ 1861ರ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ಮುಮ್ಮಡಿಯವರ ಕಾಲದ ಆಟದ ಪಟಗಳ ಚಿತ್ರಗಳಿವೆ. ಊರಿನ ಶಾಲೆಗಳಲ್ಲಿ ಗಣಿತವನ್ನೂ ಕಂಪ್ಯೂಟರನ್ನೂ ಕಲಿಸುವ ಮೇಷ್ಟರುಗಳು ಮಕ್ಕಳ ಕೈಗೆ ಒಂದು ಚೌಕದ ಹಾಳೆ ಕೊಟ್ಟು ಈ ಕುದುರೆಯನ್ನು ನಡೆಸಲು ಹೇಳಬೇಕು.